ಹುಟ್ಟಿನಿಂದಲೇ ದಾರಿ ತಪ್ಪಿದ ಕೊರೊನರಿ: ಸಿಟಿ ಸ್ಕ್ಯಾನಿನಲ್ಲಿ ಹುಡುಕುವುದು, ಅಳೆಯುವುದು, ಬರೆಯುವುದು

ಅಡಿಕೆ ಮರ ಹತ್ತುವಾಗ, ರಂಪಣಿ ಬಲೆ ಎಳೆಯುವಾಗ, ಕಬಡ್ಡಿ ಅಂಕಣದಲ್ಲಿ ಅಥವಾ ನೌಕಾಪಡೆಯ ಭರ್ತಿಗೆಂದು ಕಾರವಾರದ ಕಡಲತೀರದಲ್ಲಿ ಓಡುವಾಗ ಹರೆಯದವರೊಬ್ಬರು ಎದೆ ಹಿಡಿದುಕೊಂಡು ಕುಸಿದರು ಎನ್ನಿ. ಮನೆಯವರ ಮೊದಲ ಮಾತು 'ಪಿತ್ತ ಏರಿದೆ', 'ಬೆಳಿಗ್ಗೆ ಏನೂ ತಿಂದಿರಲಿಲ್ಲ'. ಎಷ್ಟೋ ಸಲ ಅದೇ ನಿಜವೂ ಹೌದು. ಆದರೆ ಮೈ ದಂಡಿಸುತ್ತಿದ್ದ ಹೊತ್ತಿನಲ್ಲೇ, ಅಥವಾ ಓಟ ನಿಲ್ಲಿಸಿದ ಕೂಡಲೇ ಎಚ್ಚರ ತಪ್ಪಿದ್ದರೆ ಅದನ್ನು ಅಷ್ಟಕ್ಕೇ ಬಿಡಬಾರದು. ಇಸಿಜಿ ಸರಿ ಇದೆ, ಟ್ರೆಡ್‌ಮಿಲ್ ನಾರ್ಮಲ್ ಬಂದಿದೆ ಎಂದು ಮನೆಗೆ ಕಳಿಸುವುದು ದೊಡ್ಡ ತಪ್ಪು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕೊರೊನರಿ ರಕ್ತನಾಳ ತಪ್ಪು ಜಾಗದಿಂದ ಹುಟ್ಟಿರುವವರಲ್ಲಿ ಆ ಎರಡೂ ಪರೀಕ್ಷೆ ಪೂರ್ತಿ ಸರಿ ಇರಬಹುದು.

ಮೊದಲ ಹೆಜ್ಜೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಬುಡವನ್ನು ಅಡ್ಡಲಾಗಿ ನೋಡಿ ಎಡ ಮತ್ತು ಬಲ ಕೊರೊನರಿಗಳ ಬಾಯಿ ಎರಡೂ ಕಂಡವೇ ಎಂದು ವರದಿಯಲ್ಲಿ ಬರೆಯಬೇಕು. ಕಾಣದಿದ್ದರೆ 'ಕಾಣಲಿಲ್ಲ' ಎಂದೇ ಬರೆಯಿರಿ. ಅದೂ ಸಿಟಿಗೆ ಕಳಿಸಲು ಸಾಕಾಗುವ ಕಾರಣವೇ. ದೇಹ ಬಲಿತ ಹುಡುಗರಲ್ಲಿ ಎಕೋದಿಂದ ಬಲ ಕೊರೊನರಿಯ ಬಾಯಿ ಹುಡುಕುವುದು ಕಷ್ಟ. ಕ್ಯಾಥೆಟರ್ ಆಂಜಿಯೋದಲ್ಲಿ ನಾಳ ಕಾಣುತ್ತದೆ, ಆದರೆ ಅದು ಯಾವ ಎರಡು ಅಂಗಗಳ ನಡುವೆ ಹಾದಿದೆ ಎಂಬುದು ಖಚಿತವಾಗಿ ಸಿಗುವುದಿಲ್ಲ. ಆ ಕೆಲಸಕ್ಕೆ ಸಿಟಿಯೇ ಬೇಕು.

ಕೊರೊನರಿ ನ್ಯೂನತೆ ಸುಮಾರು ನೂರರಲ್ಲಿ ಒಬ್ಬರಿಗೆ ಇರುತ್ತದೆ. ಹೆಚ್ಚಿನವು ನಿರಪಾಯಕಾರಿ. ಅಪಾಯದವು ಬೆರಳೆಣಿಕೆಯವು: ಎಡ ಕೊರೊನರಿ ಬಲ ಸೈನಸ್ಸಿನಿಂದ (ಮಹಾಪಧಮನಿಯ ಬುಡದ ಮೂರು ಉಬ್ಬುಗಳಲ್ಲಿ ಬಲದ್ದರಿಂದ) ಹುಟ್ಟಿ ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಯ ನಡುವೆ ಹಾಯುವುದು, ಬಲ ಕೊರೊನರಿ ಎಡ ಸೈನಸ್ಸಿನಿಂದ ಹುಟ್ಟಿ ಹಾಗೆಯೇ ಹಾಯುವುದು, ಎಡ ಕೊರೊನರಿ ಶ್ವಾಸಕೋಶದ ಅಪಧಮನಿಯಿಂದಲೇ ಹುಟ್ಟುವುದು, ದೊಡ್ಡ ಫಿಸ್ಟುಲಾ, ಅಂದರೆ ಕೊರೊನರಿ ನೇರವಾಗಿ ಹೃದಯದ ಕೋಣೆಗೋ ಬೇರೆ ನಾಳಕ್ಕೋ ತೆರೆದುಕೊಳ್ಳುವುದು. ಆದ್ದರಿಂದ 'ತಪ್ಪು ಜಾಗದಿಂದ ಹುಟ್ಟಿದೆ' ಎಂದು ಕಂಡುಹಿಡಿದರೆ ಅರ್ಧ ಕೆಲಸವೂ ಮುಗಿದಿರುವುದಿಲ್ಲ. ಬಾಯಿಯ ಆಕಾರ ಹೇಗಿದೆ, ಮೊದಲ ಒಂದೆರಡು ಸೆಂಟಿಮೀಟರ್ ಯಾವ ದಾರಿಯಲ್ಲಿ ಹೋಗಿದೆ, ಇವೆರಡರ ಮೇಲೆ ಉಳಿದದ್ದೆಲ್ಲ ನಿಂತಿದೆ. ಸ್ಕ್ಯಾನಿನ ತಯಾರಿಯೂ ಆ ಒಂದೆರಡು ಸೆಂಟಿಮೀಟರನ್ನು ಕಣ್ಣ ಮುಂದಿಟ್ಟುಕೊಂಡೇ ಆಗಬೇಕು.

ಕಳಿಸುವ ಮುನ್ನ

ಯಂತ್ರ ಕನಿಷ್ಠ 64 ಸ್ಲೈಸಿನದಾಗಿರಬೇಕು, ಇಸಿಜಿ ಗೇಟಿಂಗ್, ಅಂದರೆ ಬಡಿತದ ಲಯಕ್ಕೆ ಹೊಂದಿಸಿ ಚಿತ್ರ ತೆಗೆಯುವ ವ್ಯವಸ್ಥೆ, ಇರಬೇಕು. ಕೆಲವು ಕಡೆ ಯಂತ್ರ ಇದ್ದರೂ ಗೇಟಿಂಗ್ ಸಾಫ್ಟ್‌ವೇರ್ ಅಥವಾ ಎರಡು ಸಿರಿಂಜಿನ ಇಂಜೆಕ್ಟರ್ ಇರುವುದಿಲ್ಲ. ರೋಗಿ ಸಿರ್ಸಿಯಿಂದಲೋ, ಘಟ್ಟ ಹತ್ತಿ ಅಂಕೋಲೆಯಿಂದಲೋ ಹುಬ್ಬಳ್ಳಿಗೆ, ಭಟ್ಕಳದಿಂದ ಮಣಿಪಾಲಕ್ಕೆ, ಕಾರವಾರದಿಂದ ಗೋವಾದ ಬಾಂಬೋಳಿಗೆ ಹೋಗುವ ಮೊದಲು ಇದನ್ನು ಫೋನಿನಲ್ಲೇ ಕೇಳಿ ತಿಳಿದುಕೊಳ್ಳಿ. ಗೇಟಿಂಗ್ ಇಲ್ಲದ ಸಾದಾ ಎದೆಯ ಸಿಟಿಯಲ್ಲಿ ಮಹಾಪಧಮನಿಯ ಬುಡ ಬಡಿತಕ್ಕೆ ಅಲುಗಿ ಮಸುಕಾಗುತ್ತದೆ. ನಾಳದ ಬಾಯಿಯ ಬಗ್ಗೆ ಅದರಿಂದ ಏನೂ ಹೇಳಲಾಗದು.

ಕೋರಿಕೆ ಚೀಟಿಯಲ್ಲಿ ಬರೀ 'ಸಿಟಿ ಕೊರೊನರಿ ಆಂಜಿಯೋ' ಎಂದು ಬರೆದರೆ ಅಲ್ಲಿನವರು ಬ್ಲಾಕ್ ಹುಡುಕುವ ಮಾಮೂಲಿ ಪದ್ಧತಿಯಲ್ಲೇ ತೆಗೆದು ಕಳಿಸುತ್ತಾರೆ. ಹೀಗೆ ಬರೆಯಿರಿ: 'ವಯಸ್ಸು 19, ಓಡುವಾಗ ಎಚ್ಚರ ತಪ್ಪಿದೆ, ಎಕೋದಲ್ಲಿ ಎಡ ಕೊರೊನರಿಯ ಬಾಯಿ ಸ್ಪಷ್ಟವಿಲ್ಲ. ಹುಟ್ಟಿನ ಕೊರೊನರಿ ನ್ಯೂನತೆಯ ಶಂಕೆ. ಬಾಯಿ, ಕೋನ, ಗೋಡೆಯೊಳಗಿನ ಉದ್ದ, ದಾರಿ ತಿಳಿಸಿ. ಸಿಸ್ಟೋಲ್ ಮತ್ತು ಡಯಾಸ್ಟೋಲ್ ಎರಡೂ ಬೇಕು.' ಸಿಸ್ಟೋಲ್ ಎಂದರೆ ಹೃದಯ ಹಿಂಡುವ ಹಂತ, ಡಯಾಸ್ಟೋಲ್ ಎಂದರೆ ಅದು ಸಡಿಲವಾಗುವ ಹಂತ.

ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್, ಇಜಿಎಫ್‌ಆರ್ ನೋಡಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇದ್ದರೆ ಅದನ್ನು ನಿಲ್ಲಿಸಿ, 48 ಗಂಟೆ ಬಿಟ್ಟು ಮೂತ್ರಪಿಂಡದ ಕೆಲಸ ಮತ್ತೆ ನೋಡಿ ಶುರು ಮಾಡಬೇಕು. ಥೈರಾಯಿಡ್ ಹೆಚ್ಚಿದೆಯೇ, ಹೆಂಗಸರಲ್ಲಿ ಬಸಿರು ಇದೆಯೇ ಎಂದು ಕೇಳಿ.

ಕರಾವಳಿಯಲ್ಲಿ ಪ್ರತಿ ವಾರ ಕೇಳಿಬರುವ ಮಾತೊಂದಿದೆ: 'ನನಗೆ ಸಿಗಡಿ, ಏಡಿ ಆಗಿಬರುವುದಿಲ್ಲ, ಅಯೋಡಿನ್ ಔಷಧಿ ಕೊಡಬೇಡಿ.' ಸಿಗಡಿಯ ಅಲರ್ಜಿ ಬರುವುದು ಅದರ ಸ್ನಾಯುವಿನ ಪ್ರೋಟೀನಿನಿಂದ. ಅಯೋಡಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಹೀಗಾಗಿ ಮೀನು, ಸಿಗಡಿ ಅಲರ್ಜಿಯ ಕಾರಣಕ್ಕೆ ಸ್ಕ್ಯಾನ್ ತಪ್ಪಿಸಬೇಡಿ. ಕೇಳಬೇಕಾದ ನಿಜವಾದ ಪ್ರಶ್ನೆ ಬೇರೆ: ಹಿಂದೆ ಕಾಂಟ್ರಾಸ್ಟ್ (ಸ್ಕ್ಯಾನಿನಲ್ಲಿ ನಾಳಗಳನ್ನು ಬೆಳ್ಳಗೆ ತೋರಿಸುವ ಆ ಅಯೋಡಿನ್ ಔಷಧಿ) ಕೊಟ್ಟಾಗ ಮೈ ತುಂಬ ದದ್ದು, ಉಸಿರುಗಟ್ಟುವಿಕೆ, ಬಿಪಿ ಇಳಿತ ಆಗಿತ್ತೇ? ಆಗಿದ್ದರೆ ಸ್ಟೀರಾಯ್ಡ್ ಪೂರ್ವಚಿಕಿತ್ಸೆ ಬೇಕೇ, ಬೇರೆ ಕಾಂಟ್ರಾಸ್ಟ್ ಬಳಸಬೇಕೇ ಎಂದು ವೈದ್ಯರು ಮೊದಲೇ ತೀರ್ಮಾನಿಸಬೇಕು.

ಗಟ್ಟಿ ಆಹಾರ ನಾಲ್ಕು ಗಂಟೆ ಮೊದಲು ನಿಲ್ಲಿಸಿ. ನೀರು ಧಾರಾಳ ಕುಡಿಯಲಿ. ಚಹಾ, ಕಾಫಿ 12 ಗಂಟೆ ಬೇಡ. ಸಿರ್ಸಿ ಕಡೆಯ ಜೀರಿಗೆ-ಕೊತ್ತಂಬರಿ ಕಷಾಯದಲ್ಲಿ ಕೆಫೀನ್ ಇಲ್ಲ, ಹಿಂದಿನ ರಾತ್ರಿ ಕುಡಿದರೆ ಅಡ್ಡಿಯಿಲ್ಲ. ಚಹಾಪುಡಿ ಬೆರೆಸುವ ಮನೆಗಳೂ ಇವೆಯಾದ್ದರಿಂದ ಒಂದು ಮಾತು ಕೇಳಿ.

ಬಡಿತ ಇಳಿಸುವುದು

ಗುರಿ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಕಡಿಮೆ, ಅದೂ ಏರಿಳಿತವಿಲ್ಲದೆ. ದೇವಿಮನೆ ಘಟ್ಟವನ್ನೋ ಅರಬೈಲು ಘಟ್ಟವನ್ನೋ ದಾಟಿ ಬಂದವರನ್ನು ನೇರ ಮೇಜಿನ ಮೇಲೆ ಮಲಗಿಸಬೇಡಿ. ಅರ್ಧ ಗಂಟೆ ಕೂರಿಸಿ, ಆಮೇಲೆ ನಾಡಿ ನೋಡಿ. 65ರ ಮೇಲಿದ್ದರೆ ಮೆಟೊಪ್ರೊಲಾಲ್ 50ರಿಂದ 100 ಮಿ.ಗ್ರಾಂ. ಬಾಯಿಯಲ್ಲಿ ಕೊಟ್ಟು ಒಂದು ಗಂಟೆ ಕಾಯಿರಿ. ಸಾಲದಿದ್ದರೆ ಮೇಜಿನ ಮೇಲೆ ಮಲಗಿಸಿದ ನಂತರ 5 ಮಿ.ಗ್ರಾಂ.ನಂತೆ ರಕ್ತನಾಳಕ್ಕೆ, ಐದು ನಿಮಿಷ ಬಿಟ್ಟು ಬಿಟ್ಟು, ಒಟ್ಟು 15 ಮಿ.ಗ್ರಾಂ. ತನಕ. ಮೇಲಿನ ಬಿಪಿ 100ಕ್ಕಿಂತ ಕೆಳಗಿದ್ದರೆ, ಹಾರ್ಟ್ ಬ್ಲಾಕ್ (ಬಡಿತದ ವಿದ್ಯುತ್ ಸಂಕೇತಕ್ಕೆ ತಡೆ) ಇದ್ದರೆ, ಹೃದಯದ ಪಂಪಿಂಗ್ ತೀರ ಕುಗ್ಗಿದ್ದರೆ ಕೊಡಬಾರದು. ಉಬ್ಬಸ ಇರುವವರಿಗೂ ಬೇಡ. ಅವರಿಗೆ ಐವಾಬ್ರಡಿನ್ 5ರಿಂದ 7.5 ಮಿ.ಗ್ರಾಂ. ಒಂದೆರಡು ಗಂಟೆ ಮೊದಲು ಕೊಡಬಹುದು. ಇದೆಲ್ಲ ವೈದ್ಯರು ಎದುರಿಗಿದ್ದು ಮಾಡುವ ಕೆಲಸ. ತಂತ್ರಜ್ಞರೊಬ್ಬರ ತಲೆಗೆ ಕಟ್ಟಬಾರದು.

ನೈಟ್ರೊಗ್ಲಿಸರಿನ್ 0.4ರಿಂದ 0.8 ಮಿ.ಗ್ರಾಂ. ನಾಲಿಗೆ ಕೆಳಗೆ, ಸ್ಕ್ಯಾನಿಗೆ ಮೂರರಿಂದ ಐದು ನಿಮಿಷ ಮೊದಲು. ನಾಳ ಅಗಲವಾಗಿ, ದಾರಿ ಹಿಂಬಾಲಿಸುವುದು ಸುಲಭವಾಗುತ್ತದೆ. ಆದರೆ ಇದರಿಂದ ಬಡಿತ ಐದಾರು ಏರಬಹುದೆಂಬ ಲೆಕ್ಕ ಮೊದಲೇ ಇರಲಿ. ಲೈಂಗಿಕ ಸಮಸ್ಯೆಗೆ ನುಂಗುವ ಮಾತ್ರೆಗಳಲ್ಲಿ ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ, ತಡಾಲಾಫಿಲ್ ಆದರೆ 48 ಗಂಟೆ ಆಗಿರದಿದ್ದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಈ ಪ್ರಶ್ನೆಯನ್ನು ಅಪ್ಪ-ಅಮ್ಮ, ಹೆಂಡತಿಯ ಎದುರು ಕೇಳಿದರೆ ನಿಜ ಉತ್ತರ ಬರುವುದಿಲ್ಲ. ಪರದೆ ಎಳೆದು ಒಬ್ಬರೇ ಇದ್ದಾಗ ಕೇಳಿ.

ಉಸಿರು ಹಿಡಿಯುವುದನ್ನು ಕನಿಷ್ಠ ಎರಡು ಸಲ ಅಭ್ಯಾಸ ಮಾಡಿಸಿ. ಯಂತ್ರದಲ್ಲಿ ರೆಕಾರ್ಡ್ ಆಗಿರುವ ಇಂಗ್ಲಿಷ್ ಅಥವಾ ಹಿಂದಿ ಧ್ವನಿಯನ್ನು ನಂಬಬೇಡಿ. ಕನ್ನಡದಲ್ಲಿ, ಬೇಕಾದರೆ ಕೊಂಕಣಿಯಲ್ಲಿ, ಮೈಕಿನಲ್ಲಿ ನೀವೇ ಹೇಳಿ. 'ಜೋರಾಗಿ ಎಳೆದುಕೊಳ್ಳಿ' ಎಂದರೆ ಹುಡುಗರು ಎದೆ ಬಿಗಿದು ಮುಕ್ಕುತ್ತಾರೆ. ಆಗ ಕಾಂಟ್ರಾಸ್ಟ್ ಹೃದಯಕ್ಕೆ ಬರುವುದೇ ತಡವಾಗುತ್ತದೆ, ಬಡಿತವೂ ಹಾರುತ್ತದೆ. 'ಮಾಮೂಲಿನಂತೆ ಒಂದು ಉಸಿರು ತಕ್ಕೊಂಡು ಹಾಗೇ ಹಿಡಿದುಕೊಳ್ಳಿ' ಎಂದರೆ ಸಾಕು. ಅಭ್ಯಾಸದ ಹೊತ್ತಿಗೆ ಮಾನಿಟರ್ ನೋಡಿ: ಉಸಿರು ಹಿಡಿದ ನಾಲ್ಕೈದು ಸೆಕೆಂಡಿನ ಮೇಲೆ ಬಡಿತ ಎಷ್ಟಿದೆಯೋ ಅದೇ ನಿಮ್ಮ ಸ್ಕ್ಯಾನಿನ ಬಡಿತ.

ಕಾಂಟ್ರಾಸ್ಟ್ ಮತ್ತು ಸ್ಕ್ಯಾನ್

18 ಗೇಜಿನ ಕ್ಯಾನುಲಾ, ಬಲಗೈ ಮೊಣಕೈ ಮಡಿಕೆಯಲ್ಲಿ. ಎಡಗೈಯಲ್ಲಿ ಹಾಕಿದರೆ ಗಟ್ಟಿ ಕಾಂಟ್ರಾಸ್ಟ್ ಮಹಾಪಧಮನಿಯ ಕವಲುಗಳ ಮುಂದೆ ಅಡ್ಡ ಹಾದು ಗೆರೆ ಎಬ್ಬಿಸುತ್ತದೆ. ಮೊದಲು ಸಲೈನ್ 20 ಮಿ.ಲೀ. ಜೋರಾಗಿ ತಳ್ಳಿ ನೋಡಿ. ನೋವು, ಊತ ಬಂದರೆ ಕ್ಯಾನುಲಾ ಬದಲಿಸಿ. ವಯಸ್ಕರಿಗೆ 350ರಿಂದ 370 ಸಾಂದ್ರತೆಯ ಕಾಂಟ್ರಾಸ್ಟ್ 60ರಿಂದ 80 ಮಿ.ಲೀ., ಸೆಕೆಂಡಿಗೆ 5 ಮಿ.ಲೀ., ಹಿಂದೆಯೇ ಅದೇ ವೇಗದಲ್ಲಿ ಸಲೈನ್ 40ರಿಂದ 50 ಮಿ.ಲೀ. ಏರುವ ಮಹಾಪಧಮನಿಯಲ್ಲಿ ಗುರುತಿನ ವೃತ್ತ ಇಟ್ಟು 100ರಿಂದ 150 ಹೌನ್ಸ್‌ಫೀಲ್ಡಿಗೆ (ಸಿಟಿಯಲ್ಲಿ ಬೆಳ್ಳಗಿನ ಪ್ರಮಾಣ ಅಳೆಯುವ ಮಾನ) ಸ್ಕ್ಯಾನ್ ಶುರುವಾಗುವಂತೆ ಟ್ರಿಗರ್ ಇಡಿ. ಸ್ಕ್ಯಾನಿನಲ್ಲಿ ಮಹಾಪಧಮನಿ 300ರ ಮೇಲೆ ಬೆಳಗಿರಬೇಕು.

ಸಲೈನಿನ ವಿಷಯದಲ್ಲಿ ಜಿಪುಣತನ ಬೇಡವೇ ಬೇಡ. ಬ್ಲಾಕ್ ಹುಡುಕುವಾಗ ಬಲ ಹೃದಯದಲ್ಲಿ ಕಾಂಟ್ರಾಸ್ಟ್ ಸ್ವಲ್ಪ ಉಳಿದರೆ ನಡೆಯುತ್ತದೆ. ಫಿಸ್ಟುಲಾ ಅಥವಾ ಶ್ವಾಸಕೋಶದ ಅಪಧಮನಿಯಿಂದ ಹುಟ್ಟಿದ ಕೊರೊನರಿ ಹುಡುಕುವಾಗ ಬಲ ಭಾಗ ತೊಳೆದು ಮಂಕಾಗಿರಬೇಕು. ಆಗ ಕೊರೊನರಿಯಿಂದ ಬರುವ ಬೆಳ್ಳಗಿನ ರಕ್ತ ಮಂಕಾದ ಕೋಣೆಯೊಳಗೆ ಚಿಮ್ಮುವುದು ಕಾಣುತ್ತದೆ, ತೂತು ಎಲ್ಲಿದೆ ಎಂಬುದಕ್ಕೆ ಅದೇ ಸಾಕ್ಷಿ. ಎರಡೂ ಕಡೆ ಬೆಳ್ಳಗಾಗಿದ್ದರೆ ಆ ಚಿಮ್ಮು ಅಡಗಿಹೋಗುತ್ತದೆ.

ಸ್ಕ್ಯಾನಿನ ಮೇಲ್ಗಡೆಯ ಅಂಚನ್ನು ಶ್ವಾಸನಾಳ ಕವಲೊಡೆಯುವ ಜಾಗಕ್ಕಿಂತ ಎರಡು ಸೆಂ.ಮೀ. ಮೇಲಿನಿಂದಲೇ ಶುರು ಮಾಡಿ. ಸೈನಸ್ಸಿನಿಂದ ಬಹಳ ಮೇಲೆ ಹುಟ್ಟಿದ ಕೊರೊನರಿಗಳು, ಶ್ವಾಸಕೋಶದ ಅಪಧಮನಿಗೆ ಸೇರುವ ಫಿಸ್ಟುಲಾಗಳು ಮಾಮೂಲಿ ಅಂಚಿನ ಹೊರಗೆ ಉಳಿದುಬಿಡುತ್ತವೆ. ಎಕ್ಸ್‌ರೇ ವೋಲ್ಟೇಜ್ ತೆಳ್ಳಗಿನವರಿಗೆ 80 ಕೆವಿ, 80 ಕೆ.ಜಿ. ಒಳಗಿನವರಿಗೆ 100, ಅದಕ್ಕೂ ದಪ್ಪಗಿದ್ದರೆ 120. ಬಡಿತ 65ರ ಒಳಗಿದ್ದು ಸ್ಥಿರವಾಗಿದ್ದರೆ ಮುಂಗಡ ಟ್ರಿಗರಿಂಗ್. ಅಂದರೆ ಬಡಿತದ ಆಯ್ದ ಹಂತದಲ್ಲಷ್ಟೇ ಎಕ್ಸ್‌ರೇ ಬಿಡುವ ಪ್ರಾಸ್ಪೆಕ್ಟಿವ್ ವಿಧಾನ. ಬಡಿತ ಹೆಚ್ಚಿದ್ದರೆ ಅಥವಾ ಎರಡೂ ಹಂತ ಬೇಕೇ ಬೇಕಿದ್ದರೆ ಇಡೀ ಬಡಿತದುದ್ದಕ್ಕೂ ಎಕ್ಸ್‌ರೇ ಬಿಡುವ ರೆಟ್ರೋಸ್ಪೆಕ್ಟಿವ್ ತೆಗೆಯಿರಿ, ಟ್ಯೂಬ್ ಕರೆಂಟಿನ ಏರಿಳಿತವನ್ನು ಆನ್ ಇಟ್ಟು.

ಎರಡೂ ಹಂತ ಏಕೆ ಬೇಕು? ಮಹಾಪಧಮನಿಯ ಗೋಡೆಯೊಳಗೇ ಓಡುವ ಕೊರೊನರಿ ಸಿಸ್ಟೋಲಿನಲ್ಲಿ ಗೋಡೆ ಹಿಗ್ಗಿದಾಗ ಇನ್ನಷ್ಟು ಚಪ್ಪಟೆಯಾಗುತ್ತದೆ. ಸ್ನಾಯುವಿನಡಿ ಹುದುಗಿದ ಎಲ್‌ಎಡಿಯೂ (ಎಡ ಕೊರೊನರಿಯ ಮುಂದಿನ ಕವಲು) ಹಿಂಡಿಸಿಕೊಳ್ಳುವುದು ಸಿಸ್ಟೋಲಿನಲ್ಲೇ. ಒಂದು ಬಡಿತದ ಅವಧಿಯ 75 ಶೇಕಡಾ ಹಂತದ ಒಂದೇ ಚಿತ್ರ ನೋಡಿ 'ಬಾಯಿ ಚೆನ್ನಾಗಿ ತೆರೆದಿದೆ' ಎಂದರೆ ಅರ್ಧ ಸತ್ಯ ಹೇಳಿದ ಹಾಗೆ. ಪ್ರಾಸ್ಪೆಕ್ಟಿವ್ ಆದರೂ 35ರಿಂದ 75 ಶೇಕಡಾ ತನಕ ಕಿಟಕಿ ಅಗಲಿಸಬಹುದು. ವಿಕಿರಣ ಹೆಚ್ಚಾಗುತ್ತದೆ, ಆದರೆ ಇಂಥ ಶಂಕೆ ಇದ್ದಾಗ ಅದು ತಕ್ಕ ಬೆಲೆ.

ವಿಕಿರಣದ ಬಗ್ಗೆ ರೋಗಿಗಳು ಕೇಳುತ್ತಾರೆ, ಕೈಗಾ ಪಕ್ಕದಲ್ಲೇ ಇರುವ ಕಾರವಾರದಲ್ಲಂತೂ ಖಂಡಿತ ಕೇಳುತ್ತಾರೆ. ನೇರ ಉತ್ತರ ಕೊಡಿ: ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಈಗಿನ ಯಂತ್ರದಲ್ಲಿ ಪ್ರಾಸ್ಪೆಕ್ಟಿವ್ ಸ್ಕ್ಯಾನಿಗೆ ಸಾಮಾನ್ಯವಾಗಿ 1ರಿಂದ 5, ರೆಟ್ರೋಸ್ಪೆಕ್ಟಿವಿಗೆ ಅದರ ಎರಡು ಮೂರು ಪಟ್ಟು ಆಗಬಹುದು.

ರೀಕನ್‌ಸ್ಟ್ರಕ್ಷನ್ ಸ್ಲೈಸ್ 0.5ರಿಂದ 0.75 ಮಿ.ಮೀ., ಒಂದರ ಮೇಲೊಂದು ಅರ್ಧ ಹೊದ್ದಂತೆ. ಚೌಕಟ್ಟು ಹೃದಯಕ್ಕಷ್ಟೇ, 180ರಿಂದ 200 ಮಿ.ಮೀ. ಇಡೀ ಎದೆಯ 350 ಮಿ.ಮೀ. ಚೌಕಟ್ಟಿನಲ್ಲಿ ಒಂದೂವರೆ ಮಿಲಿಮೀಟರಿನ ಬಾಯಿಗೆ ಎರಡೇ ಪಿಕ್ಸೆಲ್ ಸಿಗುತ್ತವೆ. ಅಳತೆಯ ಮಾತೇ ಬರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಕಣ್ಣುಮುಚ್ಚಾಲೆ ಆಡುವ ದಿನ ಯಂತ್ರ, ಇಂಜೆಕ್ಟರ್ ಎರಡೂ ಯುಪಿಎಸ್ ಮೇಲೆ ಇವೆಯೇ ಎಂದು ಕಾಂಟ್ರಾಸ್ಟ್ ತುಂಬುವ ಮೊದಲು ನೋಡಿ.

ಹಸುಗೂಸುಗಳಲ್ಲಿ

ಎರಡು ಮೂರು ತಿಂಗಳ ಕೂಸು ಹಾಲು ಕುಡಿಯುವಾಗ ಬೆವರುತ್ತದೆ, ಅಳುತ್ತದೆ, ತೂಕ ಏರುವುದಿಲ್ಲ. ಎಕ್ಸ್‌ರೇಯಲ್ಲಿ ಹೃದಯ ದೊಡ್ಡದು, ಎಕೋದಲ್ಲಿ ಎಡ ಕುಕ್ಷಿ (ಹೃದಯದ ಎಡ ಕೆಳಕೋಣೆ) ಹಿಗ್ಗಿ ಪಂಪಿಂಗ್ ಕುಗ್ಗಿದೆ, ಮೈಟ್ರಲ್ ಕವಾಟ ಸೋರುತ್ತಿದೆ. 'ಡೈಲೇಟೆಡ್ ಕಾರ್ಡಿಯೋಮಯೋಪತಿ' (ಹೃದಯದ ಸ್ನಾಯುವೇ ಸೋತು ಹಿಗ್ಗುವ ಕಾಯಿಲೆ) ಎಂದು ಚೀಟಿ ಅಂಟಿಸುವ ಮೊದಲು ಎಡ ಕೊರೊನರಿ ಎಲ್ಲಿಂದ ಹುಟ್ಟಿದೆ ಎಂದು ನೋಡಲೇಬೇಕು. 1933ರಲ್ಲಿ ಬ್ಲಾಂಡ್, ವೈಟ್, ಗಾರ್ಲಂಡ್ ವಿವರಿಸಿದ, ಎಡ ಕೊರೊನರಿ ಶ್ವಾಸಕೋಶದ ಅಪಧಮನಿಯಿಂದ ಹುಟ್ಟುವ ಈ ಕಾಯಿಲೆ ಸುಮಾರು ಮೂರು ಲಕ್ಷ ಹೆರಿಗೆಗೆ ಒಂದು. ಅಪರೂಪದ್ದೇ, ಆದರೆ ಸಮಯಕ್ಕೆ ಸಿಕ್ಕಿದರೆ ಶಸ್ತ್ರಚಿಕಿತ್ಸೆಯಿಂದ ಹೃದಯ ಚೇತರಿಸಿಕೊಳ್ಳುತ್ತದೆ, ಬಿಟ್ಟರೆ ಹೆಚ್ಚಿನ ಕೂಸುಗಳು ಮೊದಲ ವರ್ಷ ದಾಟುವುದಿಲ್ಲ. ಹುಟ್ಟಿದ ಕೂಡಲೇ ಲಕ್ಷಣ ಇರದಿರಲು ಕಾರಣವಿದೆ: ಆಗ ಶ್ವಾಸಕೋಶದ ಅಪಧಮನಿಯ ಒತ್ತಡ ಹೆಚ್ಚಿದ್ದು ಕೊರೊನರಿಗೆ ರಕ್ತ ತಳ್ಳುತ್ತದೆ. ವಾರಗಳು ಕಳೆದು ಆ ಒತ್ತಡ ಇಳಿದಂತೆ ಕೊರೊನರಿಯ ರಕ್ತವೇ ಹಿಮ್ಮುಖವಾಗಿ ಅಪಧಮನಿಗೆ ಸೋರತೊಡಗುತ್ತದೆ.

ಇಂಥ ಕೂಸಿಗೆ ಮೆಟೊಪ್ರೊಲಾಲಿನಂಥ ಬೀಟಾ ಬ್ಲಾಕರ್ ಕೊಡಬೇಡಿ. ಬಡಿತ 130-140 ಇದ್ದೇ ಇರುತ್ತದೆ, ಸಿಸ್ಟೋಲಿನ ಕೊನೆಯ ಹಂತ ಹಿಡಿಯಿರಿ. ಹಾಲು ಕುಡಿಸಿ, ಬೆಚ್ಚಗೆ ಬಟ್ಟೆ ಸುತ್ತಿ, ನಿದ್ದೆ ಬಂದಾಗ ತೆಗೆದರೆ ಎಷ್ಟೋ ಸಲ ಮಂಪರಿನ ಔಷಧಿಯೇ ಬೇಡವಾಗುತ್ತದೆ. ಮಂಪರು ಕೊಡುವುದು ಮೊದಲೇ ಖಚಿತವಿದ್ದರೆ ಮಾತ್ರ ಅರಿವಳಿಕೆಯವರು ಹೇಳಿದಷ್ಟು ಹೊತ್ತು ಹೊಟ್ಟೆ ಖಾಲಿ ಇರಬೇಕು. ಕಾಂಟ್ರಾಸ್ಟ್ ಕೆ.ಜಿ.ಗೆ 1.5ರಿಂದ 2 ಮಿ.ಲೀ., 24 ಗೇಜಿನಲ್ಲಿ ಸೆಕೆಂಡಿಗೆ 1 ಮಿ.ಲೀ. ಆಸುಪಾಸು, 70 ಅಥವಾ 80 ಕೆವಿ. ಎರಡು ಟ್ಯೂಬಿನ ಯಂತ್ರದ ವೇಗದ ಸ್ಕ್ಯಾನ್ ಇರುವಲ್ಲಿಗೆ ಕಳಿಸುವುದೇ ಒಳ್ಳೆಯದು; ಒಂದು ಮಿಲಿಸೀವರ್ಟಿನ ಒಳಗೆ, ಉಸಿರು ಹಿಡಿಸದೆ ಮುಗಿಯುತ್ತದೆ. ಹೃದಯ ಸೋತ ಕೂಸನ್ನು ದಾರಿಯಲ್ಲಿ ನೋಡಿಕೊಳ್ಳಲು ಆಂಬುಲೆನ್ಸಿನಲ್ಲಿ ಆಕ್ಸಿಜನ್ ಜೊತೆ ತರಬೇತಾದವರೊಬ್ಬರು ಇರಲಿ.

ಚಿತ್ರ ಓದುವುದು

ಮೂರು ಆಯಾಮದ ಬಣ್ಣದ ಚಿತ್ರದಿಂದ ಶುರು ಮಾಡಬೇಡಿ. ಅದು ಸರ್ಜನ್ನರಿಗೆ ತೋರಿಸಲು ಚೆನ್ನ, ರೋಗ ನಿರ್ಣಯಕ್ಕೆ ಮೋಸ. ನಾಳ ಸೀಳಿನಂತಿದೆಯೇ, ಗೋಡೆಯೊಳಗಿದೆಯೇ ಎಂಬುದು ಅದರಲ್ಲಿ ಕಾಣುವುದೇ ಇಲ್ಲ. ಮೊದಲು ಸಾದಾ ಅಡ್ಡ ಸೀಳುಗಳನ್ನು ಮೇಲಿನಿಂದ ಕೆಳಕ್ಕೆ ನಿಧಾನ ಉರುಳಿಸಿ. ಮಹಾಪಧಮನಿಯ ಬುಡವನ್ನು ಗಡಿಯಾರವೆಂದು ತಿಳಿದರೆ ಎಡ ಕೊರೊನರಿ ಸುಮಾರು ನಾಲ್ಕು ಗಂಟೆಯ ಜಾಗದಲ್ಲಿ, ಬಲದ್ದು ಹನ್ನೊಂದರ ಹತ್ತಿರ ಹುಟ್ಟಬೇಕು. ಹಿಂದಿನ ಸೈನಸ್ಸಿನಿಂದ ಏನೂ ಹುಟ್ಟಬಾರದು. ಎಷ್ಟು ಬಾಯಿಗಳಿವೆ ಎಣಿಸಿ. ಎಲ್‌ಎಡಿ ಮತ್ತು ಎಡ ಕೊರೊನರಿಯ ಇನ್ನೊಂದು ಕವಲಾದ ಸರ್ಕಮ್‌ಫ್ಲೆಕ್ಸ್ ಬೇರೆ ಬೇರೆ ಬಾಯಿಂದ ಹುಟ್ಟಿದ್ದರೆ, ಬಲಗಡೆ ಕೋನಸ್ ಕೊಂಬೆಗೆ (ಬಲ ಕುಕ್ಷಿಯ ಹೊರದಾರಿಗೆ ಹೋಗುವ ಸಣ್ಣ ಕೊಂಬೆ) ತನ್ನದೇ ಬಾಯಿ ಇದ್ದರೆ, ಅವು ನಿರಪಾಯ. ವರದಿಯಲ್ಲಿ ಬರೆಯಿರಿ, ರೋಗಿಯನ್ನು ಹೆದರಿಸಬೇಡಿ.

ಎಡ ಕೊರೊನರಿ ಬಲ ಸೈನಸ್ಸಿನಿಂದ ಹುಟ್ಟಿದೆ ಎಂದು ಕಂಡರೆ ಅದು ಎಡಗಡೆಗೆ ಬರಲು ಹಿಡಿಯಬಹುದಾದ ಮುಖ್ಯ ದಾರಿಗಳು ನಾಲ್ಕು. ಶ್ವಾಸಕೋಶದ ಅಪಧಮನಿಯ ಮುಂದಿನಿಂದ ಸುತ್ತಿ ಬಂದರೆ ತೊಂದರೆಯಿಲ್ಲ, ಆದರೆ ಮುಂದೆ ಎಂದಾದರೂ ಎದೆ ತೆರೆದು ಬಲ ಕುಕ್ಷಿಯ ಹೊರದಾರಿ ಕೊಯ್ಯುವ ಶಸ್ತ್ರಚಿಕಿತ್ಸೆ ಆದರೆ ಸರ್ಜನ್ನರಿಗೆ ಗೊತ್ತಿರಬೇಕು. ಮಹಾಪಧಮನಿಯ ಹಿಂದಿನಿಂದ ಬಂದರೂ ಸಾಮಾನ್ಯವಾಗಿ ನಿರಪಾಯ. ಸರ್ಕಮ್‌ಫ್ಲೆಕ್ಸ್ ಒಂದೇ ಬಲದಿಂದ ಹುಟ್ಟಿ ಹೀಗೆ ಹಿಂದಿನಿಂದ ಬರುವುದು ಬಹಳ ಕಾಣಸಿಗುವ ಬಗೆ, ಕವಾಟ ಬದಲಿಸುವಾಗ ಮಾತ್ರ ಎಚ್ಚರ ಬೇಕು. ಉಳಿದ ಎರಡು ದಾರಿಗಳನ್ನು ಒಂದಕ್ಕೊಂದು ಬದಲಿಸಿ ಓದುವುದೇ ಈ ಕೆಲಸದಲ್ಲಿ ಅತಿ ದುಬಾರಿ ತಪ್ಪು.

ಒಂದು, ಎರಡು ಮಹಾನಾಳಗಳ ನಡುವಿನ ದಾರಿ. ಇದು ಅಪಾಯದ್ದು. ಇನ್ನೊಂದು, ಹೃದಯದ ನಡುಗೋಡೆಯ ಸ್ನಾಯುವಿನೊಳಗಿನ ದಾರಿ. ಅಡ್ಡ ಸೀಳಿನಲ್ಲಿ ಇದೂ ಎರಡು ನಾಳಗಳ ನಡುವೆ ಇದ್ದಂತೆಯೇ ತೋರುತ್ತದೆ, ಆದರೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಬೇರ್ಪಡಿಸುವುದು ಹೀಗೆ: ನಾಳವನ್ನು ಉದ್ದಕ್ಕೆ, ಎದುರಿನಿಂದ ಮತ್ತು ಪಕ್ಕದಿಂದ ನೋಡಿ. ಸ್ನಾಯುವಿನೊಳಗಿನದು ಶ್ವಾಸಕೋಶದ ಕವಾಟದ ಮಟ್ಟಕ್ಕಿಂತ ಕೆಳಗೆ ಇಳಿದು, ಎರಡು ಕಂಬಕ್ಕೆ ಕಟ್ಟಿದ ಜೋಳಿಗೆಯಂತೆ ಜೋತು, ಮತ್ತೆ ಮೇಲೇರುತ್ತದೆ. ಸುತ್ತ ಸ್ನಾಯು ಇರುತ್ತದೆ, ಅಡ್ಡ ಸೀಳಿನಲ್ಲಿ ದುಂಡಗಿರುತ್ತದೆ. ನಿಜವಾದ ನಡುದಾರಿಯದು ಕವಾಟದ ಮೇಲಿನ ಮಟ್ಟದಲ್ಲೇ, ಜೋತುಬೀಳದೆ, ಚಪ್ಪಟೆಯಾಗಿ ಹಾಯುತ್ತದೆ.

ಇನ್ನು ಬಾಯಿ. ಮಹಾಪಧಮನಿಯ ಒಳಹರವಿನಿಂದ ನಾಳ ಹೊರಡುವ ಮೊದಲ ಐದು ಮಿಲಿಮೀಟರಿನ ನಡುಗೆರೆ ಎಳೆದು, ಗೋಡೆಯ ಸ್ಪರ್ಶರೇಖೆಗೂ ಅದಕ್ಕೂ ನಡುವಿನ ಕೋನ ಅಳೆಯಿರಿ. 45 ಡಿಗ್ರಿಗಿಂತ ಕಡಿಮೆ ಇದ್ದರೆ ಚೂಪು ಕೋನ. ಆಮೇಲೆ ನಾಳದ ನಡುಗೆರೆಗೆ ನೆಟ್ಟಗೆ ಅಡ್ಡಲಾಗಿ ಸೀಳು ತೆಗೆದು ಪ್ರತಿ ಮಿಲಿಮೀಟರಿಗೆ ಉದ್ದ, ಅಗಲ, ವಿಸ್ತೀರ್ಣ ನೋಡುತ್ತಾ ಹೋಗಿ. ಉದ್ದವನ್ನು ಅಗಲದಿಂದ ಭಾಗಿಸಿದಾಗ 1.3 ದಾಟಿದರೆ ಅಂಡಾಕಾರ. ಅತಿ ಕಿರಿದಾದ ಅಗಲ ಮುಂದಿನ ಸರಿಯಾದ ಭಾಗದ ಅಗಲದ ಅರ್ಧಕ್ಕಿಂತ ಕಡಿಮೆ ಇದ್ದರೆ ಸೀಳುಬಾಯಿ ಎನ್ನಿ. ಓರೆಯಾಗಿ ಸೀಳು ತೆಗೆದರೆ ದುಂಡಗಿನ ನಾಳವೂ ಅಂಡಾಕಾರವಾಗಿ ಕಾಣುತ್ತದೆ. ಹೀಗೆ ತಪ್ಪು ಸೀಳಿನಲ್ಲಿ ಅಳೆದು ಇಲ್ಲದ ರೋಗ ಹಚ್ಚುವುದುಂಟು.

ಗೋಡೆಯೊಳಗಿನ ಓಟವನ್ನು ಗುರುತಿಸಲು ಕೊಬ್ಬು ನೋಡಿ. ಸಹಜ ಕೊರೊನರಿಯ ಸುತ್ತ ಕಪ್ಪಗೆ ಕೊಬ್ಬಿನ ಬಳೆ ಇರುತ್ತದೆ. ಮಹಾಪಧಮನಿಯ ಗೋಡೆಯೊಳಗೆ ಇದ್ದಷ್ಟು ದೂರ ಆ ಬಳೆ ಇರುವುದಿಲ್ಲ, ನಾಳ ಚಪ್ಪಟೆಯಾಗಿ ಗೋಡೆಗೆ ಅಂಟಿರುತ್ತದೆ. ಬಾಯಿಯಿಂದ ಶುರುವಾಗಿ ಕೊಬ್ಬಿನ ಬಳೆ ಪೂರ್ತಿ ಕಾಣಿಸುವ, ನಾಳ ದುಂಡಗಾಗುವ ಜಾಗದ ತನಕ ಎಷ್ಟು ಮಿಲಿಮೀಟರ್ ಎಂದು ಅಳೆಯಿರಿ. ಸರ್ಜನ್ನರು ಅಷ್ಟುದ್ದ ಗೋಡೆಯನ್ನು ಒಳಗಿನಿಂದ ತೆರೆಯಬೇಕೇ ಎಂದು ಲೆಕ್ಕ ಹಾಕುವುದು ಈ ಅಂಕಿಯ ಮೇಲೆಯೇ. ಬಾಯಿಯು ಕಮಿಶರಿಗಿಂತ, ಅಂದರೆ ಕವಾಟದ ಎರಡು ಎಸಳು ಕೂಡುವ ಜಾಗಕ್ಕಿಂತ, ಮೇಲಿದೆಯೇ ಕೆಳಗಿದೆಯೇ ಎಂದೂ ಬರೆಯಿರಿ. ನಾಳ ಅದರ ಕೆಳಗೆ ಹಾದಿದ್ದರೆ ಗೋಡೆ ತೆರೆಯುವಾಗ ಎಸಳು ಸಡಿಲವಾಗಿ ಕವಾಟ ಸೋರತೊಡಗಬಹುದು.

ಬಲ ಕೊರೊನರಿ ಎಡದಿಂದ ಹುಟ್ಟಿದಾಗಲೂ ಇದೇ ಅಳತೆಗಳು. ಅದು ಎಡದ್ದಕ್ಕಿಂತ ಹೆಚ್ಚು ಕಾಣಸಿಗುತ್ತದೆ, ಅಪಾಯ ಅಷ್ಟಿಲ್ಲ. ಅದು ಶ್ವಾಸಕೋಶದ ಕವಾಟದ ಮೇಲೆ, ಎರಡು ಮಹಾನಾಳಗಳ ನಡುವೆ ಸಿಕ್ಕಿಕೊಂಡಿದೆಯೇ ಅಥವಾ ಕೆಳಗೆ ಬಲ ಕುಕ್ಷಿಯ ಹೊರದಾರಿಯ ಪಕ್ಕ ಹಾದಿದೆಯೇ ಎಂದು ಬೇರ್ಪಡಿಸಿ ಬರೆಯಿರಿ. ಮೇಲಿನದು ಹೆಚ್ಚು ಚಿಂತೆಯದು.

ವಯಸ್ಕರಲ್ಲಿ ಬಲ ಕೊರೊನರಿ ಹಗ್ಗದಂತೆ ದಪ್ಪಗಾಗಿ, ಸುತ್ತಿ ಸುಳಿದು, ಎಡಗಡೆಗೆ ಕೊಂಬೆಗಳ ಬಲೆಯನ್ನೇ ಹರಡಿದ್ದರೆ ಎಡದ್ದರ ಬಾಯಿಯನ್ನು ಶ್ವಾಸಕೋಶದ ಅಪಧಮನಿಯಲ್ಲಿ ಹುಡುಕಿ. ಒಂದೇ ಕೊರೊನರಿ ಒಂದು ಕಡೆ ಹಿಗ್ಗಿ ಬಲ ಕೋಣೆಗೋ ಕೊರೊನರಿ ಸೈನಸ್ಸಿಗೋ (ಹೃದಯದ ಸಿರೆಗಳು ಕೂಡುವ ದೊಡ್ಡ ಸಿರೆ) ಸೇರಿದ್ದರೆ ಫಿಸ್ಟುಲಾ. ಮಯೋಕಾರ್ಡಿಯಲ್ ಬ್ರಿಜ್, ಅಂದರೆ ನಾಳ ಸ್ವಲ್ಪ ದೂರ ಸ್ನಾಯುವಿನಡಿ ಹುದುಗಿರುವುದು, ಅಂತೂ ಸಿಟಿಯಲ್ಲಿ ಐದರಲ್ಲೊಬ್ಬರಿಗೆ ಸಿಗುತ್ತದೆ, ಹೆಚ್ಚಾಗಿ ಎಲ್‌ಎಡಿಯ ನಡುಭಾಗದಲ್ಲಿ. ಆಳ 2 ಮಿ.ಮೀ. ಮೀರಿದೆಯೇ, ಉದ್ದ ಎಷ್ಟು ಎಂದು ಬರೆದರೆ ಸಾಕು. ಅದೇ ಎಲ್ಲ ಲಕ್ಷಣಕ್ಕೂ ಕಾರಣ ಎಂದು ಬರೆದುಬಿಡಬೇಡಿ.

ಎಡವುವ ಜಾಗಗಳು

ಬಲ ಕೊರೊನರಿಯ ನಡುಭಾಗ ಎರಡಾಗಿ, ಬಾಲ ಬಿಟ್ಟಂತೆ ಕಂಡರೆ ಅದು ಚಲನೆಯ ಮಸುಕು. 75ರ ಬದಲು 40 ಶೇಕಡಾ ಹಂತ ತೆಗೆದು ನೋಡಿ. ಚಿತ್ರದಲ್ಲಿ ಮೆಟ್ಟಿಲು ಬಿದ್ದಿದ್ದರೆ ನಡುವೆ ಒಂದು ಎಕ್ಟೋಪಿಕ್, ಅಂದರೆ ಲಯ ತಪ್ಪಿದ, ಬಡಿತ ಬಂದಿದೆ. ರೆಟ್ರೋಸ್ಪೆಕ್ಟಿವ್ ಆಗಿದ್ದರೆ ಇಸಿಜಿಯಲ್ಲಿ ಆ ಬಡಿತ ಕಿತ್ತು ಮತ್ತೆ ಕಟ್ಟಬಹುದು. ಮೇಲಿನ ಮಹಾಸಿರೆಯಿಂದ ಎದ್ದ ಬಿಳಿ ಗೆರೆಗಳು ಬಲ ಕೊರೊನರಿಯ ಬಾಯಿಯನ್ನು ಮುಚ್ಚಿದ್ದರೆ ಸಲೈನ್ ಸಾಲಲಿಲ್ಲ ಎಂದರ್ಥ.

ಬಡಿತ ಹುಟ್ಟಿಸುವ ಸೈನಸ್ ನೋಡ್‌ಗೆ ಹೋಗುವ ಸಣ್ಣ ಕೊಂಬೆಯನ್ನು ಮಹಾಪಧಮನಿಯ ಹಿಂದಿನ ಸರ್ಕಮ್‌ಫ್ಲೆಕ್ಸ್ ಎಂದು, ಕೋನಸ್ ಕೊಂಬೆಯನ್ನು ಅಪಧಮನಿಯ ಮುಂದಿನ ಎಲ್‌ಎಡಿ ಎಂದು ಓದುವುದುಂಟು. ಕೊಂಬೆಯನ್ನು ಕೊನೆಯ ತನಕ ಹಿಂಬಾಲಿಸಿದರೆ ಈ ತಪ್ಪಾಗುವುದಿಲ್ಲ. ಸಿರೆಗಳೂ ಮೋಸ ಮಾಡುತ್ತವೆ. ಅವು ಮಂಕಾಗಿರುತ್ತವೆ, ಕೊನೆಗೆ ಕೊರೊನರಿ ಸೈನಸ್ಸಿಗೆ ಸೇರುತ್ತವೆ.

ವರದಿ, ಮತ್ತು ಅದರ ಮುಂದೆ

ಮಾದರಿ ಸಾಲುಗಳು: 'ಎಡ ಮುಖ್ಯ ಕೊರೊನರಿ ಬಲ ಸೈನಸ್ಸಿನಿಂದ, ಬಲ ಕೊರೊನರಿಗಿಂತ ಬೇರೆಯಾದ ಬಾಯಿಂದ, ಕಮಿಶರಿನ ಮಟ್ಟಕ್ಕಿಂತ ಮೇಲೆ ಹುಟ್ಟಿದೆ. ಕೋನ 25 ಡಿಗ್ರಿ. ಬಾಯಿ 1.4 × 3.6 ಮಿ.ಮೀ., ಮುಂದಿನ ಸಹಜ ಭಾಗ 3.4 × 3.5 ಮಿ.ಮೀ. ಗೋಡೆಯೊಳಗಿನ ಉದ್ದ 9 ಮಿ.ಮೀ. ಮಹಾಪಧಮನಿ ಮತ್ತು ಶ್ವಾಸಕೋಶದ ಅಪಧಮನಿಯ ನಡುವಿನ ದಾರಿ, ಸ್ನಾಯುವಿನೊಳಗಲ್ಲ. ಅಳತೆಗಳು 40 ಶೇಕಡಾ ಹಂತದವು.' ಇಷ್ಟಿದ್ದರೆ ಓದುವ ಹೃದ್ರೋಗ ತಜ್ಞರು ಮತ್ತೆ ಫೋನ್ ಮಾಡಿ ಕೇಳಬೇಕಾಗಿಲ್ಲ. 'ಅನಾಮಲಸ್ ಕೊರೊನರಿ, ಸಲಹೆ: ಕ್ಲಿನಿಕಲ್ ಕೋರಿಲೇಶನ್' ಎಂಬ ಒಂದೇ ಸಾಲಿನ ವರದಿಯಿಂದ ಯಾರಿಗೂ ಉಪಯೋಗವಿಲ್ಲ.

ಇಂಥ ವರದಿ ಬಂದರೆ ಟೈಪಾಗುವುದಕ್ಕೂ ಕಾಯದೆ ಕಳಿಸಿದ ವೈದ್ಯರಿಗೆ ಅಂದೇ ತಿಳಿಸಿ. ಎಡ ಕೊರೊನರಿ ನಡುದಾರಿಯಲ್ಲಿದ್ದರೆ ಓಟ, ಕಬಡ್ಡಿ, ಈಜು, ಮರ ಹತ್ತುವುದು, ಬಲೆ ಎಳೆಯುವುದು ತಜ್ಞರು ನೋಡುವ ತನಕ ಬಂದ್. ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹುಡುಗ ನೋಡಲು ಗಟ್ಟಿಮುಟ್ಟಾಗಿರುತ್ತಾನೆ.

ಸಿಟಿ ತೋರಿಸುವುದು ರಚನೆಯನ್ನು. ಮೈ ದಂಡಿಸಿದಾಗ ಹೃದಯಕ್ಕೆ ರಕ್ತ ಸಾಲುತ್ತಿಲ್ಲವೇ ಎಂಬುದು ಬೇರೆ ಪರೀಕ್ಷೆಯ ಕೆಲಸ. ಸ್ಟ್ರೆಸ್ ಎಕೋ ಅಥವಾ ಪರ್ಫ್ಯೂಷನ್ ಸ್ಕ್ಯಾನನ್ನು ಹೃದ್ರೋಗ ತಜ್ಞರ ಎದುರಿನಲ್ಲಿ, ಶಾಕ್ ಕೊಡುವ ಯಂತ್ರ ಪಕ್ಕದಲ್ಲಿಟ್ಟು ಮಾಡಬೇಕು. 2018ರ ಅಮೆರಿಕದ ಹೃದಯ ಸಂಘಗಳ ಮಾರ್ಗಸೂಚಿಯಂತೆ, ಲಕ್ಷಣ ಇದ್ದರೆ ಅಥವಾ ರಕ್ತದ ಕೊರತೆ ಸಾಬೀತಾದರೆ ಎಡದ್ದಿರಲಿ ಬಲದ್ದಿರಲಿ ಶಸ್ತ್ರಚಿಕಿತ್ಸೆ ಮಾಡಬೇಕು. ಎಡದ್ದಾದರೆ ಲಕ್ಷಣ ಇಲ್ಲದಿದ್ದರೂ ಮಾಡುವುದು ಸಮಂಜಸ.

ಫಿಲ್ಮ್ ಹಾಳೆ ಮಾತ್ರ ಕೊಟ್ಟು ಕಳಿಸಬೇಡಿ. ತೆಳು ಸ್ಲೈಸಿನ ಪೂರ್ತಿ ಡೈಕಾಮ್ (ಸ್ಕ್ಯಾನಿನ ಮೂಲ ಚಿತ್ರಗಳ ಕಂಪ್ಯೂಟರ್ ಫೈಲು), ಸಿಸ್ಟೋಲ್ ಡಯಾಸ್ಟೋಲ್ ಎರಡೂ, ಸಿಡಿ ಅಥವಾ ಪೆನ್‌ಡ್ರೈವಿನಲ್ಲಿ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ನೋಡಿಯೇ ರೋಗಿಯ ಕೈಗೆ ಕೊಡಿ. ಇಲ್ಲವಾದರೆ ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಮತ್ತೊಮ್ಮೆ ಕಾಂಟ್ರಾಸ್ಟ್, ಮತ್ತೊಮ್ಮೆ ವಿಕಿರಣ, ಮತ್ತೊಮ್ಮೆ ದುಡ್ಡು. ಹೊರಡುವ ಮೊದಲು ಬಿಪಿ, ನಾಡಿ ನೋಡಿ. ಕ್ಯಾನುಲಾವನ್ನು ಅರ್ಧ ಗಂಟೆ ಬಿಟ್ಟು ತೆಗೆಯಿರಿ, ಕಾಂಟ್ರಾಸ್ಟಿನ ತೀವ್ರ ಅಲರ್ಜಿ ಹೆಚ್ಚಾಗಿ ಅಷ್ಟರೊಳಗೆ ಕಾಣಿಸಿಕೊಳ್ಳುತ್ತದೆ. ಮೆಟೊಪ್ರೊಲಾಲ್ ಮತ್ತು ನೈಟ್ರೊಗ್ಲಿಸರಿನ್ ಎರಡೂ ಪಡೆದವರು ಆ ದಿನ ಬೈಕ್ ಓಡಿಸಿಕೊಂಡು ಘಟ್ಟ ಇಳಿಯುವುದು ಬೇಡ. ಜೊತೆಗೆ ಬಂದವರು ಓಡಿಸಲಿ, ಇಲ್ಲವೇ ಬಸ್ಸಿನಲ್ಲಿ ಹೋಗಲಿ.